ಕಿವಿಯಲ್ಲೇ ಪರೀಕ್ಷೆಯಾದ ಓಲೆ

ಶನಿವಾರ ಬೆಳಿಗ್ಗೆ ಹ್ಯೂಸ್ಟನ್ ಪಕ್ಕದ ಸ್ಟಾಫರ್ಡಿನ ನನ್ನ ರತ್ನಪರೀಕ್ಷೆಯ ಕೊಠಡಿಯ ಬಾಗಿಲು ತೆಗೆದು ದೀಪ ಹಾಕುವಷ್ಟರಲ್ಲಿ ಡಾಲಸ್ ಪಕ್ಕದ ಸೌತ್‌ಲೇಕಿನಿಂದ ಫೋನು ಬಂತು.

"ಮೇಡಂ, ಆರು ವರ್ಷದ ಹಿಂದೆ ನಮ್ಮಮ್ಮನ ಏಳು ಕಲ್ಲಿನ ಓಲೆಗೆ ನೀವೇ ರಿಪೋರ್ಟ್ ಕೊಟ್ಟಿದ್ರಿ. ಹದಿನಾಲ್ಕೂ ನ್ಯಾಚುರಲ್ ಡೈಮಂಡ್ ಅಂತ ಬರ್ದಿದೀರ. ಈಗ ನೋಡಿದ್ರೆ ಒಂದು ಕಲ್ಲು ಮಂಕಾಗಿ ಕೂತಿದೆ. ಡಾಲಸ್‌ನಲ್ಲಿ ಒಬ್ರು ಜ್ಯುವೆಲರ್‌ಗೆ ತೋರ್ಸಿದೆ. ಇದು ಪೂರ್ತಿ ವಜ್ರ ಅಲ್ಲ, ಸರ್ಟಿಫಿಕೇಟ್ ಕೊಟ್ಟೋರನ್ನೇ ಕೇಳಿ ಅಂದ್ರು."

"ಮಧ್ಯದಲ್ಲಿ ಯಾರ ಕೈಗಾದ್ರೂ ಹೋಗಿತ್ತಾ?" ಎಂದೆ.

ನಾನು ಕೇಳಿದ ಮೊದಲ ಪ್ರಶ್ನೆಯೇ ಅದು. ನನ್ನ ಕೈಯಲ್ಲೇ ಏನಾದರೂ ತಪ್ಪಿತ್ತೇ ಎಂಬ ಯೋಚನೆ ತಲೆಯ ಹತ್ತಿರವೂ ಸುಳಿಯಲಿಲ್ಲ. ಅಷ್ಟು ಕೊಬ್ಬಿತ್ತು ನನಗೆ.

"ಬಲಗಿವಿದು ಮಾತ್ರ ಹೋಗಿತ್ತು. ತಿರುಪು ಮುರಿದಿತ್ತು. ನಿಮ್ಮೂರಿನ ಪತ್ತಾರ್ ಹತ್ರಾನೇ ರಿಪೇರಿ ಮಾಡ್ಸಿದ್ದು, ಹೋದ ತಿಂಗಳು."

ಪತ್ತಾರರು ಎಂದರೆ ನನ್ನ ಕೊಠಡಿಗೆ ನಾಲ್ಕು ಬಾಗಿಲು ಆಚೆ, ಒಂದು ಒಡವೆ ಅಂಗಡಿಯ ಹಿಂಭಾಗದಲ್ಲಿ ಕೂತು ಕೆಲಸ ಮಾಡುತ್ತಿದ್ದ ಅಕ್ಕಸಾಲಿ. ಹುಬ್ಬಳ್ಳಿ ಕಡೆಯವರು, ಅರವತ್ತರ ಹತ್ತಿರದ ವಯಸ್ಸು. ಯಂತ್ರದಲ್ಲಿ ತಯಾರಾದ ಉಂಗುರ ಸರಿಮಾಡುವವರು ಹ್ಯೂಸ್ಟನ್ನಿನಲ್ಲಿ ಬೇಕಾದಷ್ಟು ಜನ ಇದ್ದಾರೆ. ಆದರೆ ನಮ್ಮ ಕಡೆಯ ಹಳೆಯ ಕೈಕೆಲಸದ ಓಲೆ, ಅಡ್ಡಿಕೆ, ಬೇಸರಿ ಮುಟ್ಟಬಲ್ಲವರು ಅವರೊಬ್ಬರೇ. ಆಸ್ಟಿನ್ನಿನಿಂದ, ಡಾಲಸ್ಸಿನಿಂದ ಜನ ಹ್ಯೂಸ್ಟನ್ನಿಗೆ ಬರುವವರ ಕೈಯಲ್ಲಿ ಒಡವೆ ಕೊಟ್ಟು ಕಳಿಸುತ್ತಿದ್ದರು. ಮಾಂಗಲ್ಯದ ಗುಂಡು ಜಜ್ಜಿಹೋದರೆ ಅವರ ಮುಂದೆ ಕುರ್ಚಿ ಹಾಕಿಕೊಂಡು ಕೂತು ಮಾಡಿಸಿಕೊಂಡು ಹೋಗುವ ಹೆಂಗಸರಿದ್ದರು. ಅವರೊಂದಿಗೆ ನನಗೆ ಹತ್ತು ವರ್ಷದ ಬಳಕೆ. ಮಧ್ಯಾಹ್ನ ಎಷ್ಟೋ ಸಲ ಅವರ ಡಬ್ಬಿಯ ಜೋಳದ ರೊಟ್ಟಿ ನಾನು ತಿಂದಿದ್ದೇನೆ.

"ಓಲೆ ತಗೊಂಡು ಬನ್ನಿ, ನೋಡೋಣ," ಎಂದು ಫೋನಿಟ್ಟೆ.

ಆರು ವರ್ಷದ ಹಿಂದಿನ ಪರೀಕ್ಷೆ ನನಗೆ ಚೆನ್ನಾಗಿ ನೆನಪಿತ್ತು. ಮರೆಯುವಂಥದ್ದಲ್ಲ ಅದು. ಆಂಟಿ, ಅಂದರೆ ಈತನ ತಾಯಿ, ನಮ್ಮ ಪಕ್ಕದ ಮಿಸೌರಿ ಸಿಟಿಯಲ್ಲಿ ಯಾರದೋ ಮದುವೆಗೆ ಬಂದಿದ್ದರು. ಇನ್ಶೂರೆನ್ಸಿಗೆ ಒಂದು ರಿಪೋರ್ಟ್ ಬೇಕೆಂದು ಮಗ ಕರೆದುಕೊಂಡು ಬಂದ. ಮೈಸೂರಿನವರು ಎಂದು ತಿಳಿದ ಕೂಡಲೇ ನಾನು ಕಾಫಿ ಬೆರೆಸಿದೆ. ಅಗ್ರಹಾರ, ಕುವೆಂಪುನಗರ ಎಂದೆಲ್ಲ ಮಾತಾಯಿತು. ಆಮೇಲೆ ಟ್ರೇ ಮುಂದಿಟ್ಟು, "ಓಲೆ ಬಿಚ್ಚಿ ಕೊಡಿ ಆಂಟಿ," ಎಂದೆ.

"ಬಿಚ್ಚೋದಾ? ಚೆನ್ನಾಗಿದೆ! ಮದುವೆ ಮನೆಗೆ ಬಂದಿದೀನಿ ಕಣಮ್ಮಾ, ಯಜಮಾನರು ಅಲ್ಲಿ ಕೂತಿದಾರೆ, ಬರಿಗಿವಿಲಿ ಕೂತ್ಕೊಳ್ಲಾ ನಾನು? ಹಾಗೇ ನೋಡು."

ನಾನು ನಕ್ಕೆ. ಹಾಗೇ ನೋಡಿದೆ. ಆಂಟಿಯನ್ನು ಎತ್ತರದ ಸ್ಟೂಲಿನ ಮೇಲೆ ಕೂರಿಸಿ, ಕಿವಿಯಲ್ಲಿದ್ದ ಓಲೆಗೇ ಪರೀಕ್ಷಾ ಸೂಜಿಯನ್ನು ಒಂದೊಂದು ಕಲ್ಲಿನ ಮೇಲೂ ಮುಟ್ಟಿಸಿದೆ. ವಜ್ರ ಶಾಖವನ್ನು ಥಟ್ಟನೆ ಎಳೆದುಕೊಳ್ಳುತ್ತದೆ. ಸೂಜಿ ಅದನ್ನು ಗುರುತಿಸಿ ಕುಂಯ್ ಎನ್ನುತ್ತದೆ. ಹದಿನಾಲ್ಕು ಸಲವೂ ಕುಂಯ್ ಎಂದಿತು. ಪ್ರತಿ ಸಲ ಆಂಟಿ, "ಪಾಸಾ?" ಎನ್ನುತ್ತಿದ್ದರು. ಭೂತಗನ್ನಡಿ ಹಿಡಿದು ಎದುರಿನಿಂದ ನೋಡಿದೆ. ದೀಪ ಆರಿಸಿ ನೇರಳಾತೀತ ಟಾರ್ಚ್ ಬಿಟ್ಟೆ. ಆ ಬೆಳಕಿನಲ್ಲಿ ಒಂದೊಂದು ವಜ್ರ ಒಂದೊಂದು ಬಗೆಯಲ್ಲಿ ಮಿನುಗುತ್ತದೆ, ಕೆಲವು ಸುಮ್ಮನಿರುತ್ತವೆ. ಆದರೆ ಆವತ್ತು ಮಿನುಗಿದ್ದು ಆಂಟಿಯ ಬಿಳಿ ರವಿಕೆ. ಸೋಪಿನ ಪುಡಿಯಲ್ಲಿರುವ ನೀಲಿ ಇಡೀ ಕೋಣೆಯನ್ನು ತುಂಬಿ, ಓಲೆಯಲ್ಲಿ ಏನಾಗುತ್ತಿದೆ ಎನ್ನುವುದು ಸರಿಯಾಗಿ ಕಾಣಲೇ ಇಲ್ಲ. "ಅಯ್ಯೋ, ದೆವ್ವದ ಥರ ಕಾಣ್ತಿದೀನಲ್ಲೋ!" ಎಂದು ಆಂಟಿ ಕನ್ನಡಿ ಕೇಳಿದರು. ಎಲ್ಲರೂ ನಕ್ಕೆವು. ನಾನು ದೀಪ ಹಾಕಿ, ರಿಪೋರ್ಟ್ ಬರೆದು, ಮುದ್ರೆ ಒತ್ತಿ ಕೊಟ್ಟೆ.

ಆ ಓಲೆಗಳ ಕಟ್ಟಡ, ಅಂದರೆ ಕಲ್ಲು ಕೂರಿಸಿದ ಚಿನ್ನದ ಚೌಕಟ್ಟು, ಹಿಂಭಾಗ ಮುಚ್ಚಿದ್ದು. ನಮ್ಮ ಹಳೆಯ ಓಲೆಗಳೆಲ್ಲ ಹಾಗೆಯೇ: ಪ್ರತಿ ಕಲ್ಲೂ ಒಂದು ಪುಟ್ಟ ಚಿನ್ನದ ಬಟ್ಟಲಿನಲ್ಲಿ ಕೂತಿರುತ್ತದೆ, ಮುಖ ಮಾತ್ರ ಹೊರಗೆ. ಅಂಥ ಕಲ್ಲನ್ನು ಪರೀಕ್ಷಿಸಿದಾಗ 'ಕಟ್ಟಡ ಅನುಮತಿಸಿದಷ್ಟು ಮಾತ್ರ ನೋಡಲಾಗಿದೆ' ಎಂಬ ಒಂದು ಸಾಲು ಬರೆಯಬೇಕು. ಅದು ಈ ಕಸುಬಿನ ಅ ಆ ಇ ಈ. ಆವತ್ತು ಬರೆಯಲಿಲ್ಲ. ಬರೆದರೆ ಆಂಟಿಯ ಓಲೆಯ ಮೇಲೆ ಅನುಮಾನಪಟ್ಟ ಹಾಗಾಗುತ್ತದೆ ಎಂಬ ದಾಕ್ಷಿಣ್ಯ. ನನ್ನ ಮೇಜಿನ ಖಾನೆಯಲ್ಲಿ ಒಂದು ಜೊತೆ ಸಾದಾ ಚಿನ್ನದ ಕಿವಿಕಡ್ಡಿ ಇದ್ದಿದ್ದರೆ, "ಅರ್ಧ ಗಂಟೆ ಇದನ್ನ ಹಾಕ್ಕೊಳ್ಳಿ ಆಂಟಿ" ಎಂದಿದ್ದರೆ, ಮುಗಿದುಹೋಗುತ್ತಿತ್ತು. ಈಗ ಎರಡು ಜೊತೆ ಇಟ್ಟಿದ್ದೇನೆ. ಊರು ಕೊಳ್ಳೆ ಹೊಡೆದ ಮೇಲೆ ಕೋಟೆ ಬಾಗಿಲು ಹಾಕಿದರಂತೆ.

ಮರುದಿನ ಮಧ್ಯಾಹ್ನವೇ ಮಗ ಬಲಗಿವಿಯ ಓಲೆ ತಂದ. ಈ ಸಲ ಅದು ನನ್ನ ಟ್ರೇಯ ಮೇಲೆ, ಕಪ್ಪು ಬಟ್ಟೆಯ ನಡುವೆ ಒಂಟಿಯಾಗಿ ಕೂತಿತ್ತು. ಆರು ಕಲ್ಲು ಉರಿಯುತ್ತಿದ್ದವು. ಕೆಳಸಾಲಿನಲ್ಲಿ, ಕೆನ್ನೆಯ ಕಡೆಗೆ ಬರುವ ಏಳನೆಯದು ಮಜ್ಜಿಗೆ ನೀರಿನಂತೆ ಬೆಳ್ಳಗೆ ಮಂಕಾಗಿತ್ತು.

ಸೂಜಿ ಮುಟ್ಟಿಸಿದೆ. ಕುಂಯ್. ಮಂಕಾದ ಕಲ್ಲಿಗೂ ಕುಂಯ್.

"ಸೂಜಿ ವಜ್ರ ಅಂತಾನೇ ಹೇಳ್ತಿದೆಯಲ್ಲಾ ಮೇಡಂ?" ಎಂದ ಮಗ.

"ತಾಳಿ."

ಸೂಕ್ಷ್ಮದರ್ಶಕದಡಿ ಇಟ್ಟು, ಪೆನ್ಸಿಲ್ಲಿನಷ್ಟು ತೆಳ್ಳಗಿನ ಬೆಳಕಿನ ಕಡ್ಡಿಯನ್ನು ಪಕ್ಕದಿಂದ ಓರೆಯಾಗಿ ಬಿಟ್ಟೆ. ಮುಖದ ಮೇಲೆ ಗೀರಿಲ್ಲ, ಬಿರುಕಿಲ್ಲ. ಮಂಕು ಇದ್ದದ್ದು ಒಳಗೆ, ಒಂದೇ ಮಟ್ಟದಲ್ಲಿ, ಹಾಸಿದ ಹಾಗೆ. ಆ ಹಾಸಿನೊಳಗೆ ಸಾಸಿವೆಗಿಂತ ಸಣ್ಣ ಗುಳ್ಳೆಗಳು. ಓಲೆಯನ್ನು ನಿಧಾನವಾಗಿ ವಾಲಿಸಿದೆ. ಕಲ್ಲಿನ ಮೇಲ್ಮುಖದ ಅಂಚು ಒಳಗಿನ ಆ ಹಾಸಿನ ಮೇಲೆ ಬಳೆಯಾಕಾರದ ಕಪ್ಪು ನೆರಳಾಗಿ ಬಿತ್ತು. ಅಖಂಡ ವಜ್ರದೊಳಗೆ ಅಂಥ ನೆರಳು ಬೀಳಲು ಜಾಗವೇ ಇಲ್ಲ. ದೀಪ ಆರಿಸಿ ನೇರಳಾತೀತ ಬೆಳಕು ಬಿಟ್ಟೆ. ಎರಡು ಕಲ್ಲು ನೀಲಿ, ಒಂದು ತುಸು ಹಳದಿ, ಮೂರು ತಣ್ಣಗೆ. ಏಳನೆಯದರ ಸುತ್ತ ನೂಲಿನಷ್ಟು ತೆಳುವಾದ ಹಸಿರು ಬಿಳುಪಿನ ಗೆರೆ ಹೊತ್ತಿಕೊಂಡಿತು. ಅಂಟು.

"ಇದು ಎರಡು ತುಂಡು ಅಂಟಿಸಿರೋ ಕಲ್ಲು. ಡಬ್ಲೆಟ್ ಅಂತಾರೆ. ಮೇಲಿನ ತುಂಡು ಮಾತ್ರ ವಜ್ರ, ಅದಕ್ಕೇ ಸೂಜಿ ಕೂಗುತ್ತೆ. ಕೆಳಗಿರೋದು ಸ್ಫಟಿಕವೋ, ಬಿಳಿ ನೀಲಮಣಿಯೋ, ಬಿಚ್ಚದೆ ಹೇಳೋಕಾಗಲ್ಲ," ಎಂದೆ.

"ಅಂದ್ರೆ ಚೇಂಜ್ ಮಾಡಿದಾರೆ."

ಇಲ್ಲಿ ನಾನು ಬಾಯಿ ಮುಚ್ಚಿಕೊಂಡಿರಬೇಕಿತ್ತು. ಕಣ್ಣಾರೆ ಕಂಡರೂ ಪರಾಂಬರಿಸಿ ನೋಡು ಎಂದು ಹಿರಿಯರು ಸುಮ್ಮನೆ ಹೇಳಲಿಲ್ಲ. ನಾನು ನೋಡಿದ್ದು ಕಲ್ಲನ್ನು; ಆಡಿದ್ದು ಮನುಷ್ಯನ ಮೇಲಿನ ಮಾತು.

"ನಾನು ನೋಡಿದಾಗ ಇದು ಇರ್ಲಿಲ್ಲ," ಎಂದೆ.

ಮಗ ಅದನ್ನು ಅಲ್ಲೇ ಫೋನಿನಲ್ಲಿ ಬರೆದುಕೊಂಡ. ಬರಹದ ರಿಪೋರ್ಟ್ ಸಿದ್ಧವಾಗುವ ತನಕ ಓಲೆ ನನ್ನ ಬಳಿಯೇ ಇರಲಿ ಎಂದು ಬಿಟ್ಟು ಹೋದ. ಅವನ ಕಾರು ಊರು ದಾಟುವ ಮೊದಲೇ ಟೆಕ್ಸಾಸಿನ ನಮ್ಮವರ ಒಡವೆ-ಸೀರೆಯ ವಾಟ್ಸಾಪ್ ಗುಂಪಿನಲ್ಲಿ ಅದು ಹರಿದಾಡಿತು. ಪತ್ತಾರರ ಹೆಸರು, ಅಂಗಡಿಯ ವಿಳಾಸ, 'ಜೆಮಾಲಜಿಸ್ಟ್ ಮೇಡಂ ಕನ್ಫರ್ಮ್ ಮಾಡಿದಾರೆ' ಎಂಬ ಸಾಲು. ಅದರ ಕೆಳಗೆ ಯಾರೋ, "ಅಕ್ಕಸಾಲಿ ಅಕ್ಕನ ಚಿನ್ನವನ್ನೂ ಬಿಡ ಅಂತ ನಮ್ಮಜ್ಜಿ ಹೇಳೋರು" ಎಂದು ಬರೆದು ನಗುವ ಮುಖ ಹಾಕಿದ್ದರು. ಗಾದೆ ನೂರಾರು ವರ್ಷದಿಂದ ಸಿದ್ಧವಾಗಿ ಕೂತಿತ್ತು. ಆಳು ಬೇಕಾಗಿತ್ತು, ನಾನು ಕೊಟ್ಟೆ.

ಎರಡು ದಿನ ಬಿಟ್ಟು ಅಂಗಡಿಯ ಹಿಂಭಾಗಕ್ಕೆ ಹೋದೆ. ಪತ್ತಾರರು ಇಕ್ಕಳಗಳನ್ನು ಒಂದೊಂದಾಗಿ ಬಟ್ಟೆಯಲ್ಲಿ ಒರೆಸಿ ತಗಡಿನ ಪೆಟ್ಟಿಗೆಗೆ ಹಾಕುತ್ತಿದ್ದರು. ಅಂಗಡಿಯ ಮಾಲೀಕ, "ಸ್ವಲ್ಪ ದಿನ ಮನೇಲಿರಿ, ಗಲಾಟೆ ಕಮ್ಮಿ ಆಗ್ಲಿ" ಎಂದಿದ್ದನಂತೆ.

"ಪತ್ತಾರ್ರೇ, ಏನಾಯ್ತು ಹೇಳಿ. ನನ್ನ ಹತ್ರ ಹೇಳಿ," ಎಂದೆ.

"ನಾ ಏನೂ ಬದ್ಲಿ ಮಾಡಿಲ್ರಿ ಅಕ್ಕಾರ."

"ಮತ್ತೆ ಆ ಕಲ್ಲು?"

ಅವರು ನನ್ನ ಮುಖ ನೋಡಿದರು. ಏನೋ ಹೇಳುತ್ತಾರೆ ಎಂದುಕೊಂಡೆ. ಹೇಳಲಿಲ್ಲ. "ಬದ್ಲಿ ಮಾಡಿಲ್ರಿ," ಎಂದು ಇನ್ನೊಮ್ಮೆ ಅಂದು ಪೆಟ್ಟಿಗೆಯ ಮುಚ್ಚಳ ಹಾಕಿದರು. ನನಗೆ ಸಿಟ್ಟು ಬಂತು. ನಿರಪರಾಧಿಯಾದವನು ಕೂಗಬೇಡವೇ, ಮೇಜು ಗುದ್ದಬೇಡವೇ ಎಂದು ಗೊಣಗಿಕೊಂಡೇ ವಾಪಸು ಬಂದೆ.

ರಿಪೋರ್ಟ್ ಬರೆಯಲು ಕೂತಾಗ ಕೈ ಓಡಲಿಲ್ಲ. ಸೂಕ್ಷ್ಮದರ್ಶಕದಲ್ಲಿ ತೆಗೆದ ಚಿತ್ರಗಳನ್ನು ಪರದೆಯ ಮೇಲೆ ದೊಡ್ಡದು ಮಾಡಿದೆ. ಕಲ್ಲು ಬದಲಿಸಬೇಕಾದರೆ ಅದನ್ನು ಹಿಡಿದ ಚಿನ್ನದ ಅಂಚನ್ನು ಮೇಲೆತ್ತಿ ಮತ್ತೆ ಒತ್ತಬೇಕು. ಒತ್ತಿದ ಚಿನ್ನದ ಮೇಲೆ ಉಪಕರಣದ ಹೊಸ ಗುರುತು ಉಳಿಯುತ್ತದೆ, ಪಾಲಿಷ್ ಬೇರೆಯಾಗಿ ಹೊಳೆಯುತ್ತದೆ. ಇಲ್ಲಿ ಏಳು ಅಂಚುಗಳೂ ಒಂದೇ ಥರ ಸವೆದಿದ್ದವು. ಹಳೆಯ ಗೀರೊಂದು ಆರನೆಯ ಕಲ್ಲಿನ ಅಂಚಿನಿಂದ ಏಳನೆಯದರ ಅಂಚಿಗೆ ನೇರ ಹಾದುಹೋಗಿತ್ತು, ಎಲ್ಲೂ ತುಂಡಾಗದೆ. ಅಂಚಿನ ಸಂದಿಯಲ್ಲಿ ವರ್ಷಗಟ್ಟಲೆಯ ಅರಿಶಿನ, ಎಣ್ಣೆ, ಧೂಳು ಗಟ್ಟಿಯಾಗಿ ಕೂತಿತ್ತು. ಅಂದರೆ ಆ ಅಂಚನ್ನು ಈಚೆಗೆ ಯಾರೂ ಎತ್ತಿರಲಿಲ್ಲ. ಬೆಳಿಗ್ಗೆ ಓಲೆಯನ್ನು ಕಟ್ಟಿಕೊಂಡು ಆಸ್ಟಿನ್ನಿಗೆ ಹೊರಟೆ.

ನನಗೆ ಈ ಕೆಲಸ ಕಲಿಸಿದ ಅಮೆರಿಕನ್ ಹೆಂಗಸು ನಿವೃತ್ತಿಯಾಗಿ ಆಸ್ಟಿನ್ನಿನಲ್ಲಿದ್ದಾರೆ. ಎಂಬತ್ತು ದಾಟಿದೆ, ಕೈ ನಡುಗುತ್ತದೆ, ಕಣ್ಣು ಮಾತ್ರ ಹದ್ದಿನದು. ಅಡುಗೆಮನೆಯ ಮೇಜಿನ ಮೇಲೆ ಹಳೆಯ ಸೂಕ್ಷ್ಮದರ್ಶಕ ಇಟ್ಟುಕೊಂಡು ಓಲೆಯನ್ನು ಅರ್ಧ ಗಂಟೆ ಹಿಂದೆ ಮುಂದೆ ವಾಲಿಸಿದರು. ಅಂಟು ಬಹಳ ಹಳೆಯದು, ಈಚೆಗೆ ಶಾಖ ತಗಲಿ ಕೆಟ್ಟಿದೆ, ಕಟ್ಟಡವನ್ನು ಯಾರೂ ಬಿಚ್ಚಿಲ್ಲ ಎಂದರು. ತಿರುಪಿನ ಕಡ್ಡಿಗೆ ಬೆಸುಗೆ ಹಾಕುವಾಗ ತಗಲಿದ ಬಿಸಿ. ಅಖಂಡ ವಜ್ರಕ್ಕೆ ಆ ಬಿಸಿ ಲೆಕ್ಕಕ್ಕಿಲ್ಲ. ಅಂಟಿಗೆ ಅದು ಸಾವು. ಆಮೇಲೆ ನನ್ನ ಹಳೆಯ ರಿಪೋರ್ಟ್ ಓದಿ, ಕನ್ನಡಕ ತೆಗೆದು, ಕೇಳಿದರು: ಆರು ವರ್ಷದ ಹಿಂದೆ ನೀನು ಈ ಕಲ್ಲನ್ನು ವಾಲಿಸಿ ನೋಡಿದ್ದೆಯಾ?

ಕಿವಿಯಲ್ಲಿತ್ತು ಎಂದೆ.

ಅವರಿಗೆ ಅರ್ಥವಾಗಲಿಲ್ಲ. ಯಾರ ಕಿವಿಯಲ್ಲಿ ಎಂದರು. ಹೇಳಿದೆ. ಹೇಳುತ್ತಾ ಹೇಳುತ್ತಾ ನನ್ನ ದನಿ ಸಣ್ಣದಾಗುತ್ತಾ ಹೋಯಿತು. ಅವರು ಬೈಯಲಿಲ್ಲ. ಓಲೆಯನ್ನು ಡಬ್ಬಿಗೆ ಹಾಕಿ ನನ್ನ ಕಡೆ ತಳ್ಳಿ, ಎಡಗಿವಿಯದನ್ನೂ ನೋಡು, ಅದು ಅಕ್ಕಸಾಲಿಯ ಕೈಗೆ ಹೋಗಿಲ್ಲವಲ್ಲ ಎಂದರು.

ಹೊರಗೆ ಬಂದು ಕಾರಿನಲ್ಲಿ ಕೂತು ಅತ್ತೆ. ಎಡಗಿವಿಯದರಲ್ಲಿ ಏನೂ ಸಿಗದಿರಲಿ ಎಂದು ಒಂದು ಮನಸ್ಸು ಬೇಡಿಕೊಳ್ಳುತ್ತಿತ್ತು. ಆಗ ನನ್ನ ಹೆಸರು ಉಳಿಯುತ್ತದೆ. ಸಿಗಲಿ ಎಂದು ಇನ್ನೊಂದು. ಆಗ ಪತ್ತಾರರ ಹೆಸರು. ಮೊದಲನೆಯದರ ದನಿಯೇ ಜೋರಾಗಿತ್ತು, ಸುಳ್ಳೇಕೆ ಹೇಳಲಿ. ಎಂಜಿನ್ ಹಾಕಿ ಹ್ಯೂಸ್ಟನ್ನಿನ ಕಡೆ ತಿರುಗದೆ ಉತ್ತರಕ್ಕೆ, ಡಾಲಸ್ಸಿನ ದಾರಿಗೆ ಹೊರಳಿದೆ.

ಸೌತ್‌ಲೇಕಿನ ಮನೆಯಲ್ಲಿ ಆಂಟಿ ಊಟದ ಮೇಜಿನ ಮುಂದೆ ಕೂತಿದ್ದರು. ಯಜಮಾನರು ಹೋಗಿ ಎರಡು ವರ್ಷವಾಗಿತ್ತು. ಎಡಗಿವಿಯಲ್ಲಿ ಏಳು ಕಲ್ಲಿನ ಓಲೆ, ಬಲಗಿವಿಯಲ್ಲಿ ಮೊಮ್ಮಗಳ ಪುಟ್ಟ ರಿಂಗು.

"ಕಳ್ಳ ಸಿಕ್ಕಿದ್ನಾ?" ಎಂದರು.

"ಆಂಟಿ, ಎಡಗಿವಿದು ಬಿಚ್ಚಿ ಕೊಡಿ. ಹತ್ತು ನಿಮಿಷ."

"ಅದಕ್ಕೇನಾಗಿದೆ? ಅದನ್ನ ಅವ್ನು ಮುಟ್ಟೇ ಇಲ್ವಲ್ಲ."

"ಅದಕ್ಕೇ ಕೇಳ್ತಿರೋದು."

ಅವರು ತಾವೇ ತಿರುಪು ತಿರುಗಿಸಿ, ಬಿಚ್ಚಿ, ನನ್ನ ಅಂಗೈಗೆ ಹಾಕಿದರು. ಓಲೆ ಬೆಚ್ಚಗಿತ್ತು. ಮಗ ಕಿಟಕಿಯ ಪರದೆ ಎಳೆದ. ಕೈಚೀಲದಲ್ಲಿ ತಂದಿದ್ದ ಸಣ್ಣ ಸೂಕ್ಷ್ಮದರ್ಶಕ ಇಟ್ಟು, ಬೆಳಕಿನ ಕಡ್ಡಿ ಹೊತ್ತಿಸಿ, ಒಂದೊಂದೇ ಕಲ್ಲನ್ನು ವಾಲಿಸುತ್ತಾ ಬಂದೆ. ಒಂದು, ಎರಡು, ಮೂರು, ನಾಲ್ಕು, ಐದು, ಆರು: ಒಳಗೆಲ್ಲ ಬರೀ ಬೆಂಕಿ. ಏಳನೆಯದು, ಕೆನ್ನೆಯ ಕಡೆಯದು. ವಾಲಿಸಿದೆ. ಬಳೆಯಾಕಾರದ ನೆರಳು ಬಿತ್ತು. ನೇರಳಾತೀತ ಬೆಳಕಿನಲ್ಲಿ ಅದೇ ಹಸಿರು ಬಿಳುಪಿನ ನೂಲು. ಅಂಟು ಕೆಟ್ಟಿರಲಿಲ್ಲವಾದ್ದರಿಂದ ಬರಿಗಣ್ಣಿಗೆ ಆ ಕಲ್ಲು ಉಳಿದವುಗಳಂತೆಯೇ ಹೊಳೆಯುತ್ತಿತ್ತು.

ಮಗನನ್ನು ಕರೆದು ತೋರಿಸಿದೆ. ಅವನು ಒಂದು ಕಣ್ಣು ಮುಚ್ಚಿ ನೋಡಿದ, ಮತ್ತೆ ನೋಡಿದ. "ಶಿಟ್," ಎಂದ.

"ಎರಡೂ ಓಲೆಲೂ ಒಂದೇ ಜಾಗದಲ್ಲಿ ಇದೆ. ಮಾಡುವಾಗಲೇ ಹಾಕಿರೋದು. ಪತ್ತಾರ್ರು ಏನೂ ಮಾಡಿಲ್ಲ. ತಪ್ಪು ನಂದು, ಆರು ವರ್ಷದ ಹಿಂದೆ ನಾನೇ ಸರಿಯಾಗಿ ನೋಡ್ಲಿಲ್ಲ," ಎಂದೆ. ಹೇಳಿದ ಮೇಲೆ ಹಗುರವಾಗುತ್ತದೆ ಎಂದುಕೊಂಡಿದ್ದೆ. ಆಗಲಿಲ್ಲ.

ಆಂಟಿ ಕೈ ಚಾಚಿ ಓಲೆಯನ್ನು ತೆಗೆದುಕೊಂಡರು.

"ಮಾಡುವಾಗಲೇ ಅಂದ್ರೆ ನಮ್ಮಪ್ಪ ಮಾಡ್ಸಿದಾಗ."

"ಅವ್ರಿಗೂ ಯಾರೋ ಮೋಸ ಮಾಡಿರ್ತಾರೆ ಆಂಟಿ. ಅವ್ರಿಗೆ ಗೊತ್ತಿರೋಕೆ ಸಾಧ್ಯ ಇಲ್ಲ."

"ನಮ್ಮಪ್ಪ ಮೋಸ ಹೋಗೋ ಆಸಾಮಿ ಅಲ್ಲ ಕಣೇ. ಎದುರುಗಡೆ ಕೂತು ಒಂದೊಂದು ಕಲ್ಲೂ ಆರ್ಸಿ ಕಟ್ಟಿಸಿದ್ರು, ಅಮ್ಮ ಹೇಳ್ತಿದ್ಲು." ಅವರು ಓಲೆಯನ್ನು ಬೆರಳ ತುದಿಯಲ್ಲಿ ತಿರುಗಿಸಿದರು. "ನಾನು ನಾಲ್ಕನೇ ಮಗಳು. ಮೊದಲ ಮೂರು ಜನಕ್ಕೆ ಮಾಡೋ ಹೊತ್ತಿಗೇ ಅವ್ರ ಕೈ ಬರಿದಾಗಿತ್ತು. ಹಾಗಾದ್ರೆ ಗೊತ್ತಿತ್ತು ಅವ್ರಿಗೆ. ಗೊತ್ತಿದ್ದೇ, ಕಾಣದೇ ಇರೋ ಮೂಲೆಗೆ ಹಾಕ್ಸಿದ್ರು."

ನನ್ನ ದೀಪಗಳು ಹೇಳಲಾರದ ಸಂಗತಿಯನ್ನು ಆಂಟಿ ಒಬ್ಬರೇ ಕೂತು ಕಂಡುಹಿಡಿದಿದ್ದರು.

"ಇದನ್ನ ನೀನು ಬರೀಬೇಡ," ಎಂದರು ಕೊನೆಗೆ. "ನನ್ನ ಅಕ್ಕಂದಿರ ಮಕ್ಕಳೆಲ್ಲ ಆ ಗುಂಪಲ್ಲಿದಾರೆ. ನಮ್ಮಪ್ಪ ಸತ್ತು ನಲವತ್ತು ವರ್ಷ ಆಯ್ತು, ಈಗ ಅವ್ರ ಮರ್ಯಾದೆ ಬೀದಿಗೆ ತರ್ಬೇಡ. ಅವ್ನೇ ಬದಲಾಯಿಸ್ದ ಅಂತಲೇ ಇರ್ಲಿ ಬಿಡು."

"ಅವ್ರು ಬದುಕಿದಾರೆ ಆಂಟಿ. ನಿಮ್ಮಪ್ಪ ಇಲ್ಲ. ಪತ್ತಾರ್ರು ಇನ್ನೂ ಬದುಕಬೇಕು."

"ಅವ್ನು ನಂಗೆ ಯಾರು?"

ನಾನು ದೀಪ, ಸೂಕ್ಷ್ಮದರ್ಶಕಗಳನ್ನು ಕೈಚೀಲಕ್ಕೆ ಹಾಕಿದೆ. ಕೆಟ್ಟ ಹೆಂಗಸಲ್ಲ ಆಕೆ. ಹೊರಡುವಾಗ ಸೊಸೆಯಿಂದ ಕುಂಕುಮ ಕೊಡಿಸಿದರು, ಮಜ್ಜಿಗೆ ಕುಡಿದು ಹೋಗು ಎಂದರು. ಮಗ ಕಾರಿನ ತನಕ ಬಂದು, "ಮೇಡಂ, ನಾವು ಏನೂ ಕಂಪ್ಲೇಂಟ್ ಮಾಡಲ್ಲ. ಇಲ್ಲಿಗೇ ಕ್ಲೋಸ್ ಮಾಡೋಣ. ಅಮ್ಮಂಗೆ ಬಿಪಿ ಇದೆ," ಎಂದ. ಗುಂಪಿನಲ್ಲಿ ನೀವು ಬರೆದದ್ದನ್ನಾದರೂ ತೆಗೆಯಿರಿ ಎಂದೆ. ನೋಡ್ತೀನಿ ಎಂದ.

ಡಾಲಸ್ಸಿನಿಂದ ಹ್ಯೂಸ್ಟನ್ನಿಗೆ ಬರುವಷ್ಟು ದೂರವೂ ವಾದಿಸುತ್ತಾ ಬಂದೆ, ನನ್ನೊಂದಿಗೇ. ಬರೆದರೆ ಆಂಟಿಯ ಅಪ್ಪನ ಮಾನ, ನನ್ನ ಕಸುಬು. ಬರೆಯದಿದ್ದರೆ ಒಬ್ಬ ಮನುಷ್ಯನ ಬದುಕು. ಲೆಕ್ಕ ಸುಲಭವಾಗಿತ್ತು, ಕೈಗೆ ಮಾತ್ರ ಸುಲಭವಾಗಿರಲಿಲ್ಲ. ಮರುದಿನ ಹಳೆಯ ರಿಪೋರ್ಟನ್ನು ರದ್ದುಮಾಡಿ ಹೊಸದು ಬರೆದೆ: ಎರಡೂ ಓಲೆಗಳಲ್ಲಿ ತಲಾ ಒಂದು ಅಂಟಿಸಿದ ಕಲ್ಲು, ಎರಡೂ ಮೂಲ ಕಟ್ಟಡದವು, ಹಿಂದಿನ ಪರೀಕ್ಷೆ ಅಪೂರ್ಣ, ಹೊಣೆ ನನ್ನದು. ಆಂಟಿಯ ಹೆಸರಾಗಲಿ ಊರಾಗಲಿ ಹಾಕದೆ ಗುಂಪಿನಲ್ಲಿ ಕನ್ನಡದಲ್ಲೇ ಬರೆದೆ: "ಸ್ಟಾಫರ್ಡಿನ ಪತ್ತಾರರು ಯಾವ ಕಲ್ಲನ್ನೂ ಬದಲಿಸಿಲ್ಲ. ತಪ್ಪು ನನ್ನದು."

ಆರೋಪಕ್ಕೆ ನೂರಾರು ಜನ ಉತ್ತರಿಸಿದ್ದ ಗುಂಪು ಇದಕ್ಕೆ ನಾಲ್ಕು ಕೈಮುಗಿದ ಚಿತ್ರ ಹಾಕಿತು. ಒಬ್ಬರು, "ಓ, ಸೆಟಲ್ ಆಯ್ತಾ? ಗುಡ್" ಎಂದರು. ಇನ್ನೊಬ್ಬರು, "ಹಾಗಾದ್ರೆ ನಮ್ಮತ್ತೆ ನೆಕ್ಲೇಸ್ ನೀವೇ ನೋಡಿದ್ದಲ್ವಾ ಮೇಡಂ, ಅದೂ ಹಿಂಗೇನಾ?" ಎಂದರು. ಅದು ನ್ಯಾಯವಾದ ಪ್ರಶ್ನೆ. ಮಾತು ಆಡಿದರೆ ಹೋಯಿತು, ಮುತ್ತು ಒಡೆದರೆ ಹೋಯಿತು ಎನ್ನುತ್ತಾರೆ; ನನ್ನ ಕಸುಬಿನಲ್ಲಿ ಒಡೆದ ಮುತ್ತನ್ನಾದರೂ ಕಂಡಿದ್ದೇನೆ, ಹಿಂದಕ್ಕೆ ಬಂದ ಮಾತನ್ನು ಕಂಡಿಲ್ಲ. ಒಡವೆ ಅಂಗಡಿಯ ಮಾಲೀಕನ ಮುಂದೆ ಹೊಸ ರಿಪೋರ್ಟ್ ಇಟ್ಟೆ. ಓದಿದ. "ಗೊತ್ತಾಯ್ತು ಮೇಡಂ, ಪಾಪ. ಆದ್ರೆ ಕಸ್ಟಮರ್ಸ್‌ಗೆ ಯಾರು ಎಕ್ಸ್‌ಪ್ಲೇನ್ ಮಾಡ್ತಾರೆ? ಹೆಸರು ಒಂದ್ಸಲ ಹೋದ್ರೆ ಹೋಯ್ತು," ಎಂದು ಕಾಗದವನ್ನು ಹಿಂದಿರುಗಿಸಿದ.

ಪತ್ತಾರರ ಫೋನು ಎತ್ತುವವರಿಲ್ಲ. ವಿಚಾರಿಸುತ್ತಾ ವಿಚಾರಿಸುತ್ತಾ, ಮೂರು ವಾರದ ಮೇಲೆ, ಮಿಸೌರಿ ಸಿಟಿಯ ಒಂದು ಇಂಡಿಯನ್ ಗ್ರಾಸರಿಯಲ್ಲಿ ಸಿಕ್ಕರು. ಹಸಿರು ಏಪ್ರನ್ ಕಟ್ಟಿಕೊಂಡು ತರಕಾರಿ ಸಾಲಿನಲ್ಲಿ ಆಲೂಗಡ್ಡೆ ಜೋಡಿಸುತ್ತಿದ್ದರು. ಕೂದಲೆಳೆಯಷ್ಟು ಬೆಸುಗೆ ಹಾಕುವ ಬೆರಳುಗಳ ಸಂದಿಯಲ್ಲಿ ಮಣ್ಣು ಮೆತ್ತಿತ್ತು.

ಅಲ್ಲೇ, ಜನ ಗಾಡಿ ತಳ್ಳಿಕೊಂಡು ಓಡಾಡುವ ನಡುವೆ, ರಿಪೋರ್ಟ್ ತೆಗೆದು ಕೊಟ್ಟೆ. ಎರಡೂ ಓಲೆಯಲ್ಲಿ ಅದೇ ಕಲ್ಲಿದೆ, ನೀವು ಮುಟ್ಟಿಲ್ಲ, ತಪ್ಪು ನನ್ನದು ಎಂದೆ. ಅವರು ಕೈ ಒರೆಸಿಕೊಂಡು ಪೂರ್ತಿ ಓದಿದರು. ಮುಖದಲ್ಲಿ ಆಶ್ಚರ್ಯವೇ ಕಾಣಲಿಲ್ಲ. ಆಗ ನನಗೆ ಹೊಳೆಯಿತು.

"ನಿಮ್ಗೆ ಮೊದಲೇ ಗೊತ್ತಿತ್ತಾ?"

"ಕೈಯಾಗ ಹಿಡದ ಕೂಡ್ಲೆ ಗೊತ್ತಾತ್ರಿ. ಕಿಟಕಿ ಬೆಳಕಿಗೆ ಒಂದ್ ಸ್ವಲ್ಪ ವಾಲಿಸಿದ್ನಿ. ಇದು ಎರಡು ತುಂಡಿನ ಕಲ್ಲು ಅಂತ ಕಂಡ್ತು."

"ಮತ್ತೆ ಯಾಕೆ ಹೇಳ್ಲಿಲ್ಲ? ನಾನು ಬಂದು ಕೇಳಿದೆನಲ್ಲ! ಬಾಯಿ ಬಿಡೋದಲ್ವಾ ಪತ್ತಾರ್ರೇ?" ನನ್ನ ದನಿ ಏರಿತು. ಕೊತ್ತಂಬರಿ ಸೊಪ್ಪು ಆರಿಸುತ್ತಿದ್ದ ಹೆಂಗಸೊಬ್ಬಳು ತಿರುಗಿ ನೋಡಿದಳು.

"ಓಲಿ ಜೋಡಿ ನಿಮ್ಮ ಕಾಗದಾನೂ ಕೊಟ್ಟಿದ್ರಲ್ರಿ ಅವ್ರು. ಎಲ್ಲಾ ಅಸಲಿ ಅಂತ ನೀವ ಬರದು ಶಿಕ್ಕಾ ಹೊಡದಿದ್ರಿ. ಅಕ್ಕಾರ ಮಶೀನ್ ಇಟ್ಕೊಂಡು ನೋಡ್ಯಾರ, ನನ್ನ ಕಣ್ಣಿಗೆ ವಯಸ್ಸಾಗೇತಿ, ನಂದ ತಪ್ಪಿರಬೇಕು ಅನ್ಕೊಂಡ್ನಿ. ನೀವು ಬಂದು ಕೇಳಿದಾಗ ಬಾಯಿ ಬಿಟ್ರ ನಿಮ್ಮ ಕಾಗದ ಸುಳ್ಳು ಅಂದಂಗ ಆಕ್ಕಿತ್ರಿ." ಅವರು ರಾಶಿಯಿಂದ ಒಂದು ದಪ್ಪ ಆಲೂಗಡ್ಡೆ ಎತ್ತಿಕೊಂಡರು. "ಅಂಟಿನ ಕಲ್ಲಿದ್ರ ನಾವು ಇದ್ರಾಗ ಹುದುಗಿಸಿ ಬೆಸಿಗಿ ಹಾಕ್ತೀವ್ರಿ. ಕಲ್ಲಿಗೆ ಬಿಸಿ ತಾಗೂದಿಲ್ಲ. ಆವತ್ತೂ ಒಂದು ತಂದು ಕೊಯ್ದು ಇಟ್ಕೊಂಡಿದ್ನಿ. ಆಮ್ಯಾಲ ನಿಮ್ಮ ಕಾಗದ ಇನ್ನೊಮ್ಮೆ ಓದಿ, ಅದನ್ನ ಬಾಜೂಕ ಸರಿಸಿ, ಹಂಗ ಬೆಂಕಿ ಹಿಡದ್ನಿ."